ಸುರಗಿ ಇಟ್ಟ ಪುಟ

ವಸಂತಿ ಆ ಭಾನುವಾರ ಬೆಳಿಗ್ಗೆ ಪಲ್ಯಕ್ಕೆಂದು ಬಾಳೆಕಾಯಿ ಹೆಚ್ಚುತ್ತಿದ್ದಳು. ಈಳಿಗೆಮಣೆಯ ಪಕ್ಕದಲ್ಲಿ ನೀರು ತುಂಬಿದ ಪಾತ್ರೆ ಇತ್ತು. ಹೆಚ್ಚಿದ ಹೋಳು ಕೂಡಲೇ ನೀರಿಗೆ ಬೀಳಬೇಕು, ಇಲ್ಲದಿದ್ದರೆ ಕಪ್ಪಾಗಿಬಿಡುತ್ತದೆ. ಎರಡನೆಯ ಕಾಯಿ ಅರ್ಧ ಆಗಿತ್ತು. ಅಷ್ಟರಲ್ಲಿ ಹಿತ್ತಿಲ ಬಾಗಿಲಲ್ಲಿ ಸಣ್ಣಿ ಬಂದು ನಿಂತಳು.

ಸಣ್ಣಿ ತೆಂಗಿನಗುಂಡಿಯವಳು. ಗಂಡ ದೋಣಿಗೆ ಹೋಗುತ್ತಿದ್ದ, ಇವಳು ಭಟ್ಕಳ ಪೇಟೆಯ ಶಾಂತಾರಾಮ ಮಾಸ್ತರ ಮನೆಯಲ್ಲಿ ಕಸ ಮುಸುರೆ ನೋಡಿಕೊಳ್ಳುತ್ತಿದ್ದಳು. ಸುರಗಿ ಹೂವಿನ ಕಾಲದಲ್ಲಿ ಹೆಬಳೆ ಊರಿನ ಸುರಗಿ ಮರದಿಂದ ಮೊಗ್ಗು ಆಯ್ದು ತಂದು, ಬಾಳೆನಾರಿನಲ್ಲಿ ಕಟ್ಟಿ, ವಸಂತಿಗೂ ಒಂದು ಮಾಲೆ ಕೊಟ್ಟು ಹೋಗುವುದು ಅವಳ ರೂಢಿ. ಅಂದೂ ಬಾಳೆಲೆಯ ಪೊಟ್ಟಣ ಕೈಯಲ್ಲಿತ್ತು, ಆದರೆ ಕೊಡುವ ನೆನಪೇ ಅವಳಿಗಿರಲಿಲ್ಲ. ಅಮ್ಮನ ಸೆರಗು ಹಿಡಿದು ಹಿಂದೆ ನಿಂತಿದ್ದ ಪುಟ್ಟ ಗಂಗೆ ಮುಖ ಎತ್ತಲಿಲ್ಲ.

"ಅಕ್ಕೋರು ಅದಾರಾ?" ಎಂದಳು ಸಣ್ಣಿ.

ಅಕ್ಕೋರು ಎಂದರೆ ಪರಮೇಶ್ವರಿ. ಹೊನ್ನಾವರದಲ್ಲಿ ಬಹುಕಾಲ ಹೆಡ್‌ಮಿಸ್ಟ್ರೆಸ್ ಆಗಿದ್ದು, ನಿವೃತ್ತಿಯ ಮೇಲೆ ಭಟ್ಕಳದ ತವರುಮನೆಗೆ ಬಂದು ನೆಲೆಸಿದವರು. ಆ ಮನೆಯ ಅರ್ಧ ಭಾಗದಲ್ಲಿ ವಸಂತಿಯ ಸಂಸಾರ ಬಾಡಿಗೆಗಿತ್ತು. ಮದುವೆಮನೆಯಲ್ಲಿ ಮಾಯವಾದ ಬೆಳ್ಳಿ ಚೊಂಬು, ಬೆಳಕೆ ಊರಿನ ದೋಣಿಯಿಂದ ಕಾಣೆಯಾದ ಲಾಟೀನು, ಇಂಥವನ್ನೆಲ್ಲ ಅಕ್ಕೋರು ಯಾರ ಮರ್ಯಾದೆಗೂ ಕುಂದಾಗದಂತೆ ಪತ್ತೆಮಾಡಿ ಕೊಟ್ಟಿದ್ದರು. ಅಂಥ ಕೆಲಸಕ್ಕೆ ಹೊರಟಾಗಲೆಲ್ಲ ವಸಂತಿ ಅವರ ಜೊತೆಗಿರಲೇಬೇಕು. ಹಿಂದೊಮ್ಮೆ ಅವರ ತರಗತಿಯಲ್ಲಿ ಕೂತವಳು ಅವಳು.

ಜಪ ಮುಗಿಸಿ ಬಂದ ಅಕ್ಕೋರು ಮೊದಲು ಗಂಗೆಯನ್ನು ನೋಡಿದರು, ಆಮೇಲೆ ಸಣ್ಣಿಯನ್ನು.

"ಮಾಸ್ತರ ಪುಸ್ತಕ ಯಾರೋ ಕೊಯ್ದಿದಾರಂತೆ ಅಕ್ಕೋರೆ. ನನ್ನ ಗಂಗೆಯೇ ಕೊಯ್ದದ್ದು ಹೇಳ್ತಾರೆ ತ್ರ್ಯಂಬಕ ಒಡೇರು. ನಾಳೆಯಿಂದ ಬರಬೇಡಿ ಅಂದ್ರು."

"ಪುಸ್ತಕ ಎಂತ ಮೀನಾ ಕೊಯ್ಯೂಕೆ?"

ಸಣ್ಣಿ ಅಳುವಿನ ನಡುವೆಯೂ ಚೂರು ನಕ್ಕಳು. ನಕ್ಕದ್ದೇ ತಡ, ತಡೆದಿದ್ದ ಕಣ್ಣೀರೆಲ್ಲ ಹರಿಯಿತು. "ಕೆಲಸ ಹೋದ್ರೆ ಹೋತು, ಮತ್ತೊಂದು ಮನೆ ಸಿಕ್ಕೀತು. ಹುಡುಗಿಗೆ ಕಳ್ಳಿ ಹೇಳಿ ಹೆಸರು ಬಂದ್ರೆ ತೊಳೆಯೂಕೆ ಆಗ್ತದಾ?"

ಅಕ್ಕೋರು ಚಪ್ಪಲಿ ಮೆಟ್ಟಿದರು. ವಸಂತಿ ಕೈ ತೊಳೆದು ಹಿಂದೆ ಹೊರಟಳು. ಅರ್ಧ ಬಾಳೆಕಾಯಿ ಈಳಿಗೆಮಣೆಯ ಮೇಲೆಯೇ ಉಳಿಯಿತು.

ಶಾಂತಾರಾಮ ಮಾಸ್ತರು ಮುಂಬಯಿಯ ಕಾಲೇಜೊಂದರಲ್ಲಿ ಪ್ರಾಚೀನ ಗ್ರೀಸ್ ಮತ್ತು ರೋಮಿನ ಚರಿತ್ರೆ ಕಲಿಸಿದವರು. ಅವರ ಮನೆಯ ಗೋಡೆಗಳು ಕಾಣುತ್ತಿರಲಿಲ್ಲ, ಪುಸ್ತಕದ ಕಪಾಟುಗಳಷ್ಟೇ ಕಾಣುತ್ತಿದ್ದವು. ಒಂದೂ ಹೊಸದಲ್ಲ. ಎಲ್ಲವೂ ಮುಂಬಯಿಯ ಫುಟ್‌ಪಾತಿನಲ್ಲಿ, ಹಳೆ ಪುಸ್ತಕದವರ ಬಳಿ ಕೂತೆದ್ದು ಆರಿಸಿ ತಂದದ್ದು. ಒಂದರ ಮೊದಲ ಪುಟದಲ್ಲಿ ಪುಣೆಯ ಪಾದ್ರಿಯೊಬ್ಬನ ಹೆಸರು, ಇನ್ನೊಂದರಲ್ಲಿ ಯಾವುದೋ ನ್ಯಾಯಾಧೀಶನ ಮೊಹರು. ತರುವಾಗ ಅರ್ಧಕ್ಕರ್ಧದ ಬೆನ್ನು ಕಿತ್ತುಹೋಗಿರುತ್ತಿತ್ತು. ಮಾಸ್ತರ ಹೆಂಡತಿ ಮೂಕಾಂಬಿಕಾ ಅಡುಗೆ ಮುಗಿಸಿ ಕೂತು, ದಪ್ಪ ನೀಲಿ ದಾರದಲ್ಲಿ ಅವನ್ನು ಹೊಲಿದು ಗಟ್ಟಿಮಾಡುತ್ತಿದ್ದರು. ಅವರು ಮುಂಬಯಿಯಲ್ಲೇ ತೀರಿಕೊಂಡರು. ಮಾಸ್ತರು ನಿವೃತ್ತರಾಗಿ ಪುಸ್ತಕಗಳನ್ನು ಲಾರಿಯಲ್ಲಿ ಹೇರಿಕೊಂಡು ಊರಿಗೆ ಬಂದರು. ಅಂದಿನಿಂದ ಕಪಾಟಿನ ಬೀಗದ ಕೈ ಅವರ ಉಡಿದಾರದಲ್ಲೇ ಇತ್ತು.

ಎಪ್ಪತ್ತೊಂಬತ್ತರ ಆ ಫೆಬ್ರವರಿಯಲ್ಲಿ ಕುಮಟೆಯಲ್ಲಿ ಅವರ ಕಣ್ಣಿನ ಪೊರೆ ತೆಗೆದಿದ್ದರು. ಈಗ ದಪ್ಪ ಗಾಜಿನ ಕನ್ನಡಕದೊಳಗೆ ಅವರ ಕಣ್ಣುಗಳು ದೊಡ್ಡದಾಗಿ, ಮಗುವಿನ ಕಣ್ಣಿನಂತೆ ಕಾಣುತ್ತಿದ್ದವು. ಮುಂದಿನ ಮೇಜಿನ ಮೇಲೆ ಒಂದು ಹಸಿರು ಪುಸ್ತಕ, ಪಕ್ಕದಲ್ಲಿ ಹಿತ್ತಾಳೆಯ ಕಾಗದದ ಚೂರಿ.

"ನಂಗೆ ಸಿಟ್ಟಿಲ್ಲ ಪರಮೇಶ್ವರಿಬಾಯಿ," ಎಂದರು ಮಾಸ್ತರು. "ಆದ್ರೆ ಇದೊಂದನ್ನ ನಾನೇ ಬಿಡಿಸಬೇಕು ಹೇಳಿ ಇಟ್ಟುಕೊಂಡಿದ್ದೆ."

ಸಂಗತಿ ಹೀಗಿತ್ತು. ಹಳೆಯ ಕಾಲದ ಕೆಲವು ಪುಸ್ತಕಗಳ ಹಾಳೆಗಳು ಅಚ್ಚುಕೂಟದಲ್ಲಿ ಮಡಚಿದಂತೆಯೇ ಬರುತ್ತಿದ್ದವು. ಅಂಚಿನ ಮಡಿಕೆಯನ್ನು ಓದುವವನೇ ಕತ್ತರಿಸಿ ಪುಟ ಬಿಡಿಸಿಕೊಳ್ಳಬೇಕು. ಗ್ರೀಸಿನ ಹೆಂಗಸರ ಅಡುಗೆಮನೆ, ಮಗ್ಗ, ನೀರಿನ ಕೊಡಗಳ ಬಗ್ಗೆ ಇಂಗ್ಲಿಷ್ ವಿದ್ವಾಂಸನೊಬ್ಬ ಬರೆದ ಈ ಪುಸ್ತಕವನ್ನು ಮೂಕಾಂಬಿಕಾ ತಾವೇ ಆರಿಸಿ ಗಂಡನಿಗೆ ಕೊಡಿಸಿದ್ದರು. ಒಂದು ಮಡಿಕೆಯೂ ಬಿಚ್ಚಿಲ್ಲ ನೋಡಿ ಎಂದು ಅಂಗಡಿಯವನು ತೋರಿಸಿದ್ದನ್ನು ಮಾಸ್ತರು ಕಣ್ಣಾರೆ ಕಂಡಿದ್ದರು. ಮನೆಗೆ ಬರುವ ದಾರಿಯಲ್ಲಿ ಹೆಂಡತಿ, ನಿಮಗೆ ಸದ್ಯಕ್ಕೆ ಯುದ್ಧಗಳೇ ಸಾಕು, ರಿಟೈರಾದ ಮೇಲೆ ಇದನ್ನು ಬಿಡಿಸಿ ಓದಿ ಎಂದು ಕೀಟಲೆ ಮಾಡಿದ್ದರಂತೆ. ಅವರು ಹೋದ ಮೇಲೆ ಮಾಸ್ತರಿಗೆ ಅದನ್ನು ಮುಟ್ಟುವ ಧೈರ್ಯ ಬರಲಿಲ್ಲ, ಆಮೇಲೆ ಕಣ್ಣು ಮಂಜಾಯಿತು. ಈಗ ಕಣ್ಣು ಕಾಣುತ್ತಿದೆ ಎಂದು ಶನಿವಾರ ಸಂಜೆ ಚೂರಿ ಹಿಡಿದು ಕೂತರೆ, ಮುಕ್ಕಾಲು ಪುಸ್ತಕದ ಮಡಿಕೆಗಳನ್ನು ಯಾರೋ ಆಗಲೇ ಬಿಡಿಸಿಬಿಟ್ಟಿದ್ದರು.

ಮಾಸ್ತರ ಅಕ್ಕನ ಮಗ ತ್ರ್ಯಂಬಕ ಕುಮಟೆಯಲ್ಲಿ ನೌಕರಿಯಲ್ಲಿದ್ದ, ಶನಿವಾರ ಬಂದು ಸೋಮವಾರ ಹೋಗುತ್ತಿದ್ದ. ಕೆಟ್ಟವನಲ್ಲ, ಮಾವನ ಮೇಲಿನ ಪ್ರೀತಿಯಲ್ಲಿ ಅವಸರದವನು. ಅವನು ವಕೀಲನಂತೆ ಎಲ್ಲವನ್ನೂ ಮಂಡಿಸಿದ. ಕಪಾಟು ತೆರೆಯುವುದು ಶನಿವಾರ ಮಾತ್ರ, ಧೂಳು ಹೊಡೆಯುವುದಕ್ಕೆ. ಒಳಗಿರುವವರು ಸಣ್ಣಿ ಮತ್ತು ಗಂಗೆ. ನಿನ್ನೆ ಹುಡುಗಿಯ ಕೈಯಲ್ಲಿ ಇದು ಇತ್ತು ಎಂದು ನಯವಾದ ಬಿದಿರಿನ ಪಟ್ಟಿಯೊಂದನ್ನು ಮೇಜಿನ ಮೇಲಿಟ್ಟ. ಮೀನಿನ ಬಲೆ ಹೆಣೆಯುವಾಗ ಬಲೆಯ ಕಣ್ಣುಗಳೆಲ್ಲ ಒಂದೇ ಅಳತೆಗೆ ಬರಲೆಂದು ಹಿಡಿಯುವ ಪಟ್ಟಿ ಅದು. ಕಾಗದದ ಮಡಿಕೆ ಸೀಳಲು ಅದಕ್ಕಿಂತ ಒಳ್ಳೆಯದು ಬೇಕಿಲ್ಲ. ಕೊನೆಗೆ ಪುಸ್ತಕ ತೆರೆದು, ಬಿಡಿಸಿದ ಪುಟಗಳು ಮುಗಿಯುವಲ್ಲಿ ಇದ್ದ ಒಣ ಸುರಗಿ ಹೂಗಳನ್ನು ತೋರಿಸಿದ. ಈ ಮನೆಗೆ ಸುರಗಿ ತರುವವರು ಇನ್ನು ಯಾರಿದ್ದಾರೆ?

"ಅದೂ ಅಲ್ದೆ, ಕೇಳಿದ್ರೆ ಹುಡುಗಿ ಬಾಯಿ ತೆರೀತದೆ, ಮುಚ್ತದೆ. ತಪ್ಪು ಮಾಡದೋರಿಗೆ ಹೇಳೂಕೆ ಎಂತ ಕಷ್ಟ?"

ವಸಂತಿ ಗಂಗೆಯನ್ನು ನೋಡಿದಳು. ನಿಜ, ಅದರ ತುಟಿ ಈಗಲೂ ಏನನ್ನೋ ಹೇಳಲು ಹೊರಟು ನಿಂತಿತ್ತು. ಆದರೆ ಅದರ ಕಣ್ಣು ತ್ರ್ಯಂಬಕನ ಕಡೆಗಾಗಲಿ ಬಾಗಿಲ ಕಡೆಗಾಗಲಿ ಇರಲಿಲ್ಲ, ತೆರೆದಿದ್ದ ಪುಸ್ತಕದ ಮೇಲಿತ್ತು. ಹೆದರಿದ ಮಗು ಹೀಗೆ ನೋಡುವುದಿಲ್ಲ ಎಂದು ವಸಂತಿಗೆ ಅನಿಸಿತು, ಆದರೆ ಅನಿಸಿದ್ದಷ್ಟೇ ಸಾಕ್ಷಿಯಾಗುವುದಿಲ್ಲವಲ್ಲ.

ಅಕ್ಕೋರು ಪುಸ್ತಕವನ್ನು ಕಿಟಕಿಯ ಬೆಳಕಿಗೆ ಒಯ್ದರು. ಅಂಚಿನ ಮೇಲೆ ಬೆರಳಾಡಿಸಿದರು. ಪುಟಗಳ ಕೆಳಮೂಲೆಗಳನ್ನು ಒಂದೊಂದಾಗಿ ನೋಡಿದರು. ಹೂವನ್ನು ಎತ್ತಿ, ಅದರಡಿಯ ಪುಟ ನೋಡಿ, ಇದ್ದಲ್ಲೇ ಇಟ್ಟರು. ಆಮೇಲೆ ಕಪಾಟಿನ ಮುಂದೆ ನಿಂತು ಬೇರೆ ಪುಸ್ತಕಗಳ ಬೆನ್ನು ಸವರಿದರು. ಸಣ್ಣಿಯ ಪೊಟ್ಟಣ ಬಿಚ್ಚಿಸಿ ಮಾಲೆಯನ್ನು ನೋಡಿದರು. ಕೊನೆಗೆ ಅಂಗಳಕ್ಕಿಳಿದು, ಕಿಟಕಿಯ ಕೆಳಗಿನ ಮರಳನ್ನು ನೋಡುತ್ತ ಬಹಳ ಹೊತ್ತು ನಿಂತರು. ಒಳಗೆ ಬಂದು, ಸಂಜೆ ಚಹಕ್ಕೆ ಎಲ್ಲರೂ ಇಲ್ಲೇ ಸೇರುವ, ಅಲ್ಲಿಯವರೆಗೆ ಅಂಗಳ ಯಾರೂ ಗುಡಿಸಬೇಡಿ ಎಂದರು.

ಮನೆಗೆ ಬಂದರೆ ಈಳಿಗೆಮಣೆಯ ಮೇಲೆ ಬಿಟ್ಟುಹೋದ ಬಾಳೆಕಾಯಿ ಕೊಯ್ದ ಮುಖದಲ್ಲಿ ಕಪ್ಪಗಾಗಿತ್ತು. ವಸಂತಿ ಗೊಣಗುತ್ತ ಅದನ್ನು ಎಸೆಯಹೋದಳು.

"ಇರಲಿ ಮಾರಾಯ್ತಿ," ಎಂದರು ಅಕ್ಕೋರು. "ಸಂಜೆಗೆ ಬೇಕು. ಒಂದು ಚೂರಿಯೂ ತಗೋ."

ಸಂಜೆ ಮಾಸ್ತರ ಜಗಲಿಯಲ್ಲಿ ಎಲ್ಲರೂ ಕೂತರು. ಸಣ್ಣಿ ಮಾತ್ರ ಕಂಬಕ್ಕೊರಗಿ ನಿಂತೇ ಇದ್ದಳು, ಮಗಳ ತಲೆಯ ಮೇಲೆ ಕೈ ಇಟ್ಟು. ಅಕ್ಕೋರು ಚಹದ ಬಟ್ಟಲು ಕೆಳಗಿಟ್ಟು ಬಾಳೆಕಾಯಿಯನ್ನು ತ್ರ್ಯಂಬಕನ ಕೈಗೆ ಕೊಟ್ಟರು.

"ಇದನ್ನ ಯಾವಾಗ ಹೆಚ್ಚಿದ್ದು ಹೇಳು."

"ಬೆಳಿಗ್ಗೆ ಇರಬೇಕು. ಕಪ್ಪಾಗಿದೆ."

ಅಕ್ಕೋರು ಅದರಿಂದ ತೆಳ್ಳಗಿನ ಒಂದು ಹೋಳು ಕೊಯ್ದರು. ಒಳಗೆ ಬೆಳ್ಳಗಿತ್ತು. ಆಮೇಲೆ ಹಸಿರು ಪುಸ್ತಕವನ್ನೂ ಹಿತ್ತಾಳೆಯ ಚೂರಿಯನ್ನೂ ಮಾಸ್ತರ ಮುಂದಿಟ್ಟು, ಹೂವಿನ ಆಚೆಗಿನ ಮಡಿಕೆಯನ್ನು ಅವರೇ ಬಿಡಿಸಬೇಕು ಎಂದರು. ಮಾಸ್ತರು ಚೂರಿಯ ತುದಿಯನ್ನು ಮಡಿಕೆಯೊಳಗೆ ತೂರಿಸಿದರು. ಚೂರಿ ಮೆತ್ತಗೆ ಓಡಿತು, ಮಡಿಕೆ ತೆರೆಯಿತು. ಹೊಸದಾಗಿ ಸೀಳಿದ ಅಂಚು ಅಕ್ಕಿಹಿಟ್ಟಿನಂತೆ ಬೆಳ್ಳಗಿತ್ತು. ಅದರ ಹಿಂದಿನ ಪುಟಗಳ ಅಂಚೆಲ್ಲ ಚಹದ ಬಣ್ಣ.

"ಕಾಗದವೂ ಬಾಳೆಕಾಯಿಯಂತೆಯೇ, ಕೊಯ್ದ ಜಾಗ ಗಾಳಿಗೆ ಬಣ್ಣ ತಿರುಗ್ತದೆ. ಆದ್ರೆ ಕಾಗದಕ್ಕೆ ವರ್ಷಗಟ್ಟಲೆ ಬೇಕು. ನಿನ್ನೆ ಮೊನ್ನೆ ಕೊಯ್ದದ್ದಾದ್ರೆ ಅವೂ ಬೆಳ್ಳಗೇ ಇರಬೇಕಿತ್ತು. ಹೂವಿನ ಕೆಳಗೆ ನೋಡು, ಎರಡೂ ಪುಟದ ಮೇಲೆ ಅದರ ಅಚ್ಚು ಬಿದ್ದದೆ. ಅದೂ ಒಂದೆರಡು ಮಳೆಗಾಲದಲ್ಲಿ ಬೀಳೂದಲ್ಲ."

ತ್ರ್ಯಂಬಕ ಬಗ್ಗಿ ನೋಡಿದ. ಸುರಗಿಯ ಮಾತೇನು ಹಾಗಾದರೆ ಎಂದು ಮೆಲ್ಲಗೆ ಕೇಳಿದ.

ಅಕ್ಕೋರು ಸಣ್ಣಿಯ ಮಾಲೆಯನ್ನು ಪುಸ್ತಕದ ಪಕ್ಕ ಇಟ್ಟರು. ಅದು ಬಾಳೆನಾರಿನದು. ಪುಸ್ತಕದೊಳಗಿನ ಹೂಗಳು ಒಂದು ತುಂಡು ದಪ್ಪ ನೀಲಿ ದಾರದಲ್ಲಿ ಪೋಣಿಸಿದಂಥವು. ಅವರು ಕಪಾಟಿನ ಕಡೆ ಕೈ ತೋರಿಸಿದರು. ಅಲ್ಲಿ ಸಾಲು ಸಾಲು ಪುಸ್ತಕಗಳ ಬೆನ್ನಿನ ಮೇಲೆ ಅದೇ ದಾರ, ಅದೇ ಹೊಲಿಗೆ. ಊರಿನಿಂದ ಒಣಸುರಗಿ ಕಳಿಸಿದರೆ ಮುಂಬಯಿಯಲ್ಲಿ ಬಾಳೆನಾರು ಎಲ್ಲಿಂದ ತರುವುದು? ಕೈಗೆ ಸಿಕ್ಕ ದಾರದಲ್ಲೇ ಪೋಣಿಸಬೇಕು.

ಮಾಸ್ತರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು.

"ಪುಸ್ತಕ ಅಂಗಡಿಯಲ್ಲಿದ್ದಾಗ ಮಡಿಕೆ ಬಿಚ್ಚಿರಲಿಲ್ಲ," ಎಂದರು ಅಕ್ಕೋರು. "ಲಾರಿ ಹತ್ತಿದ ಮೇಲೆ ಬೀಗ ಬಿತ್ತು. ಹಾಗಾಗಿ ಬಿಡಿಸಿದ್ದು ಆ ಎರಡರ ನಡುವೆ, ಮುಂಬಯಿಯ ಮನೇಲಿ. ಆ ಮನೇಲಿ ಇದ್ದೋರು ಇಬ್ಬರೇ. ಒಬ್ಬರು ಯುದ್ಧ ಓದ್ತಿದ್ರು. ಕೆಳಮೂಲೆ ನೋಡಿ ಮಾಸ್ತರೆ. ಪುಟ ತಿರುವಿದಲ್ಲೆಲ್ಲ ಸಣ್ಣ ಹಳದಿ ಗುರುತು. ಅಡುಗೆ ಮಾಡ್ತಾ ಮಾಡ್ತಾ ಓದಿದ ಕೈಯದು. ಹೂವಿನ ತನಕ ಅದೆ, ಆಚೆ ಇಲ್ಲ."

ಮಾಸ್ತರು ಒಂದು ಹಳದಿ ಗುರುತಿನ ಮೇಲೆ ತಮ್ಮ ಬೆರಳನ್ನಿಟ್ಟು ನೋಡಿದರು. ಅದು ಅವರ ಬೆರಳಿಗಿಂತ ಚಿಕ್ಕದಿತ್ತು.

"ಒಂದು ದಿನ ಬಡಿಸ್ತಾ ಕೇಳಿದಳು," ಎಂದರು ಕೊನೆಗೆ. "ಆ ಊರಿನ ಹೆಂಗಸರೂ ನೀರು ಸೇದೂಕೆ ಹೋದಲ್ಲಿ ನಮ್ಮ ಹಾಗೇ ಮಾತಾಡ್ತಾ ನಿಲ್ತಿದ್ರಾ ಅಂತ. ಪುಸ್ತಕ ನೋಡಿ ಹೇಳ್ತೆ ಅಂದಿದ್ದೆ ನಾನು. ಅವಳು ನೋಡಿ ಆಗಿತ್ತು."

ಅವಳದು ಪುಸ್ತಕ ಹೊಲಿದುಕೊಡುವ ಕೈ ಎಂದಷ್ಟೇ ಇಷ್ಟು ವರ್ಷ ಅಂದುಕೊಂಡಿದ್ದೆ ಎಂದು ಅವರು ತಮ್ಮಷ್ಟಕ್ಕೇ ಹೇಳಿಕೊಂಡರು. ಆ ಮಾತಿನಲ್ಲಿ ದುಃಖ ಇರಲಿಲ್ಲವೆಂದಲ್ಲ, ಆದರೆ ಅದಕ್ಕಿಂತ ದೊಡ್ಡದೊಂದು ತಣಿವು ಇತ್ತು. ತಾನು ಒಬ್ಬನೇ ಓದಬೇಕಾಗಿದ್ದ ದಾರಿಯಲ್ಲಿ ಯಾರೋ ಮುಂದೆ ಹೋಗಿ ದೀಪ ಹಚ್ಚಿಟ್ಟದ್ದು ಕಂಡವರ ಹಾಗೆ. ಅವರು ಎದ್ದು ಸಣ್ಣಿಯ ಮುಂದೆ ಬಂದು ಕೈ ಜೋಡಿಸಿದರು.

"ನೀನು ವಾರವಾರ ಧೂಳು ಹೊಡೀದಿದ್ರೆ ಇದನ್ನೆಲ್ಲ ಗೆದ್ದಲು ತಿಂತಿತ್ತು ಸಣ್ಣಿ. ಅವಳ ಗುರುತು ನಂಗೆ ಉಳಿಸಿಕೊಟ್ಟೋಳು ನೀನು. ನಾಳೆ ಬರಬೇಕು."

ಸಣ್ಣಿ ಗಾಬರಿಯಾಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ, "ಬತ್ತೆ ಮಾಸ್ತರೆ, ಬರದೆ ಎಲ್ಲಿಗೆ ಹೋಗ್ಲಿ," ಎಂದಳು. ತ್ರ್ಯಂಬಕ ಬಿದಿರಿನ ಪಟ್ಟಿಯನ್ನು ಎತ್ತಿಕೊಂಡು ಗಂಗೆಯ ಮುಂದೆ ಮಂಡಿಯೂರಿದ. ತಪ್ಪಾತು ಮಗಾ, ನಿಂದು ತಗೋ, ಎಂದು ಅದರ ಕೈಗಿಟ್ಟ. ಅವನ ಕಿವಿ ಕೆಂಪಾಗಿತ್ತು.

"ಹಾಗಾದ್ರೆ ಹುಡುಗಿ ಈ ಪಟ್ಟಿ ಎಂತಕೆ ತರ್ತಿತ್ತು?" ಎಂದು ಅಕ್ಕೋರನ್ನು ಕೇಳಿದವಳು ವಸಂತಿ.

"ಬನ್ನಿ," ಎಂದರು ಅಕ್ಕೋರು.

ಎಲ್ಲರೂ ಅಂಗಳಕ್ಕಿಳಿದರು. ಕಿಟಕಿಯ ಕೆಳಗೆ, ಮರಳಿನ ಮೇಲೆ, ಪಟ್ಟಿಯ ತುದಿಯಿಂದ ಗೀಚಿದ ಗುರುತುಗಳು ಸಾಲಾಗಿದ್ದವು. ವಸಂತಿಗೆ ಅವು ಕೋಳಿ ಕೆದರಿದಂತೆ ಕಂಡವು. ಮಾಸ್ತರು ಮಾತ್ರ ಕನ್ನಡಕ ಸರಿಪಡಿಸಿಕೊಂಡು ಬಗ್ಗಿ ನೋಡಿದರು. ಹಸಿರು ಪುಸ್ತಕದಲ್ಲಿ ಇಂಗ್ಲಿಷಿನ ನಡುವೆ ಅಲ್ಲಲ್ಲಿ ಅಚ್ಚಾಗಿದ್ದ ಗ್ರೀಕ್ ಅಕ್ಷರಗಳು ಅವು. ಅಮ್ಮ ಧೂಳು ಹೊಡೆಯುವಾಗ ಕಂಡದ್ದನ್ನು ಗಂಗೆ ಮನಸ್ಸಿನಲ್ಲಿ ಹೊತ್ತು ತಂದು ಬರೆದಂಥವು. ಒಂದು ಅಕ್ಷರವನ್ನಂತೂ, ಸುತ್ತ ಗುಂಡಗೆ ಎಳೆದು ನಡುವೆ ಅಡ್ಡ ಗೆರೆ ಹಾಕಿದ್ದನ್ನು, ಅಳಿಸಿ ಅಳಿಸಿ ಚಂದ ಬರುವವರೆಗೆ ತಿದ್ದಿತ್ತು.

"ಹುಡುಗಿ ಬಾಯಿ ತೆರೆದು ಮುಚ್ಚೂದು ತಪ್ಪಿಗಲ್ಲ ತ್ರ್ಯಂಬಕ," ಎಂದರು ಅಕ್ಕೋರು. "ಅದಕ್ಕೆ ಎಂತದೋ ಕೇಳೂದದೆ. ಕೇಳಬಹುದು ಹೇಳಿ ಯಾರೂ ಅದಕ್ಕೆ ಹೇಳ್ಲಿಲ್ಲ."

ಮಾಸ್ತರು ಕಷ್ಟಪಟ್ಟು ಮರಳಿನಲ್ಲೇ ಕುಕ್ಕರುಗಾಲಿನಲ್ಲಿ ಕೂತರು. ಅವರ ಮುಖ ಈಗ ಗಂಗೆಯ ಮುಖದ ಮಟ್ಟಕ್ಕಿತ್ತು. ಅವರು ಅವಸರ ಮಾಡದೆ ಕಾದರು. ಗಂಗೆ ಅಮ್ಮನನ್ನು ನೋಡಿತು. ಸಣ್ಣಿ ತಲೆಯಾಡಿಸಿದಳು. ಮಗು ಸೆರಗು ಬಿಟ್ಟು ಒಂದು ಹೆಜ್ಜೆ ಮುಂದೆ ಬಂತು, ಬಿದಿರಿನ ಪಟ್ಟಿಯ ತುದಿಯನ್ನು ಆ ಗುಂಡಗಿನ ಅಕ್ಷರದ ಪಕ್ಕ ಊರಿತು.

"ಅಜ್ಜಾ, ಇದನ್ನ ಎಂತ ಹೇಳಿ ಓದೂದು?"