ಮೇಷ್ಟ್ರ ಮಂಡಿ ಮೆತ್ತಗಾದದ್ದು

ಲ್ಯಾಬಿನ ಮೆಟ್ಟಿಲ ಮೇಲೆ ಊರುಗೋಲಿನ ಸದ್ದು ಕೇಳಿದ್ದೇ ತಡ, ಅವಳು ಯಂತ್ರಕ್ಕೆ ಅಡ್ಡಲಾಗಿ ನಿಂತಳು. ಡ್ಯಾನ್ಸ್ ಮೇಷ್ಟ್ರು ಬಂದೇಬಿಟ್ಟರು. ಹೊಸ ಶರ್ಟು, ಮುಖದ ತುಂಬ ನಗು.

"ಆಪರೇಷನ್ ತಾರೀಕು ಹೇಳೋಕೆ ತಾನೆ ಕರೆದಿದ್ದು ಮೇಡಂ? ಸ್ವೀಟ್ ತರೋಣ ಅಂದ್ಕೊಂಡೆ. ಲ್ಯಾಬ್ ಒಳಗೆ ತಿನ್ನೋ ಹಾಗಿಲ್ಲ ಅಂತ ನೀವು ಗದರ್ತೀರಿ."

ಎಂದಿನಂತೆ ಹುಬ್ಬೆತ್ತಿ ಒಮ್ಮೆ ಅವಳನ್ನು, ಒಮ್ಮೆ ಅವಳ ಹಿಂದಿನ ಯಂತ್ರವನ್ನು ನೋಡಿದರು. ಆ ನೋಟದಿಂದಲೇ ಅಲ್ಲವೇ ಇಷ್ಟೆಲ್ಲ ಅನಾಹುತವಾದದ್ದು!

ಯಂತ್ರದೊಳಗಿದ್ದದ್ದು ಅವರದೇ ಮಂಡಿ. ಕೀಲಿನ ಎಲುಬುಗಳು ಉಜ್ಜದಂತೆ ಕಾಯುವ ಮೆತ್ತೆಯಿದೆಯಲ್ಲ, ಕಾರ್ಟಿಲೇಜು, ಅದರ ಒಂದು ಚೂರು ತೆಗೆದು, ಆಪರೇಷನ್ ಮಾಡಿ ಮತ್ತೆ ಮಂಡಿಗೇ ಕೂರಿಸಲೆಂದು ಜೀವಕೋಶಗಳನ್ನು ಜೆಲ್ಲಿನ ಬಿಲ್ಲೆಯಲ್ಲಿ ಸಾಕುತ್ತಿದ್ದರು. ವಿಚಿತ್ರ ಜಾತಿಯವು ಇವು. ಯಂತ್ರದಲ್ಲಿ ಹದವಾಗಿ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಿದರೆ ಮೈಮೇಲಿನ ಪುಟ್ಟ ಬಾಗಿಲುಗಳು ತೆರೆದು ಕ್ಯಾಲ್ಸಿಯಂ ಒಳನುಗ್ಗುತ್ತದೆ; ಭಾರ ಬಂತು, ಗಟ್ಟಿಯಾಗಬೇಕು ಎಂಬ ಸುದ್ದಿ ಒಳಗೆ ಮುಟ್ಟುತ್ತದೆ. ಮುದ್ದು ಮಾಡಿ ಕೂರಿಸಿದರೆ ಸೋಮಾರಿಗಳಾಗುತ್ತವೆ.

ಅವಳು ಮುದ್ದು ಮಾಡಿದ್ದಳು. ಬೇರೆಯವರ ಬಿಲ್ಲೆಗೆ ಕೈ ನಡುಗದೆ ಭಾರ ಹಾಕುವವಳು, ಇವರದು ಬಂದರೆ ಒತ್ತಡವನ್ನು ಒಂದಿಷ್ಟು ಇಳಿಸುತ್ತಿದ್ದಳು. ಪ್ರೀತಿ ಕುರುಡು ಅನ್ನುತ್ತಾರೆ. ಇವಳದು ಕುರುಡಷ್ಟೇ ಅಲ್ಲ, ಪೆದ್ದು ಕೂಡ. ಬೆಳಿಗ್ಗೆ ಪರೀಕ್ಷಿಸಿದಾಗ ಬಿಲ್ಲೆ ಬೆಣ್ಣೆಯಂತೆ ಮೆತ್ತಗಿತ್ತು. ಲ್ಯಾಬಿನವರೆಲ್ಲ ಅಕ್ಕ ಎನ್ನುವ ಹಿರಿಯಳು ತಲೆಯ ಮೇಲೆ ಕೈ ಹೊತ್ತು ಕೂತಳು. "ಇನ್ಮೇಲೆ ಅವರ ಕೆಲಸ ನಾನು ನೋಡ್ಕೋತೀನಿ. ವಿಷಯ ಮಾತ್ರ ನೀನೇ ಹೇಳಬೇಕು."

"ಆಪರೇಷನ್ ಮುಂದಕ್ಕೆ ಹೋಗಿದೆ," ಎಂದಳು ಮೇಷ್ಟ್ರಿಗೆ. "ಎರಡು ತಿಂಗಳು. ಹೊಸದಾಗಿ ಬೆಳೆಸಬೇಕು. ಒತ್ತಡ ಕಮ್ಮಿಯಾಗಿ ಹಾಳಾಯ್ತು."

ಮೇಷ್ಟ್ರ ನಗು ಇಳಿದುಹೋಯಿತು. "ಇನ್ನೂ ಎರಡು ತಿಂಗಳಾ? ಈಗಾಗ್ಲೇ ಒಂದು ವರ್ಷದಿಂದ ಕುರ್ಚಿ ಮೇಲೆ ಕೂತು ಡ್ಯಾನ್ಸ್ ಕಲಿಸ್ತಿದೀನಿ. ಮಿಷನ್ ಕೆಟ್ಟಿತ್ತಾ?"

ಹೌದು ಎಂದರೆ ಅಲ್ಲಿಗೆ ಮುಗಿಯುತ್ತಿತ್ತು.

"ಇಲ್ಲ. ನಾನೇ ಕಮ್ಮಿ ಇಟ್ಟೆ. ನಿಮಗೆ ನೋವಾಗುತ್ತೇನೋ ಅನ್ನಿಸ್ತು."

"ಅಲ್ಲಿ ಒತ್ತಿದ್ರೆ ನನಗೆ ನೋವಾಗುತ್ತಾ?"

"ಇಲ್ಲ. ಕಾರ್ಟಿಲೇಜಲ್ಲಿ ನರಾನೇ ಇರಲ್ಲ. ನಂಗೆ ಚೆನ್ನಾಗಿ ಗೊತ್ತು."

"ಗೊತ್ತಿದ್ದೂ?"

"ಗೊತ್ತಿದ್ದೂ. ನೀವಂದ್ರೆ ನಂಗಿಷ್ಟ. ಅದಕ್ಕೇ."

ಮೇಷ್ಟ್ರು ಬಾಗಿಲ ಕಡೆ ತಿರುಗಿದರು. ಈಗ ಹೋದರೆ ಈ ಮನುಷ್ಯ ಮತ್ತೆ ಈ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡಳು.

"ನಂಗೆ ಸಿಕ್ಕಾಪಟ್ಟೆ ಕೋಪ ಬಂದಿದೆ," ಎಂದರು ಮತ್ತೆ ಇತ್ತ ತಿರುಗಿ.

"ಬರ್ಲೇಬೇಕು."

"ನಾಳೇನೂ ಇರುತ್ತೆ."

"ಇರ್ಲಿ."

"ಬೈಯೋಕೆ ನಾಳೆ ಬರ್ತೀನಿ. ನಾಡಿದ್ದೂ ಬರ್ತೀನಿ." ಹುಬ್ಬು ಒಂಚೂರು ಮೇಲೆದ್ದಿತು. "ಎರಡು ತಿಂಗಳು ಬೈಬೇಕಲ್ಲ."

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ಮೆಟ್ಟಿಲವರೆಗೆ ಜೊತೆಗೆ ಹೋದಳು. ಯಾರು ಕೈ ಕೊಟ್ಟರೂ ಬೇಡವೆಂದು ಒಬ್ಬರೇ ಇಳಿಯುತ್ತಿದ್ದ ಮೇಷ್ಟ್ರು, ಇವತ್ತು ಅವಳ ಹೆಗಲ ಮೇಲೆ ಕೈಯಿಟ್ಟರು, ಇಟ್ಟೂ ಇಡದಂತೆ.

"ಭಾರ ಹಾಕಿ ಮೇಷ್ಟ್ರೇ."

"ನೋವಾಗುತ್ತೆ."

"ಆಗ್ಲಿ, ಹಾಕಿ."

ಮೇಷ್ಟ್ರು ಪೂರ್ತಿ ಭಾರ ಹಾಕಿದರು. ಅವಳು ಜಗ್ಗಲಿಲ್ಲ.