ಕಾಲಿನ ಕಡೆಯ ಎರಡು ಚೌಕ

‘ಅಂಟಿಸಿದ ಜಾಗ ಒಂದು ಕಾಣಿಸದಿದ್ದರೆ ಸಾಕು. ಇನ್ನೇನೂ ಬೇಡ.’

ರಜಾಯಿ ತೊಳೆಯುವ ಅಂಗಡಿಯ ಕೌಂಟರಿಗೆ ಗಲ್ಲ ಆನಿಸಿ ನಿಂತ ಪಿಸು ಮನಸ್ಸಿನಲ್ಲೇ ಹೇಳಿಕೊಂಡಳು. ಅವಳು ಜೋರಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಅದಕ್ಕೇ ಮನೆಯಲ್ಲಿ ಅವಳಿಗೆ ಪಿಸು ಅಂತ ಹೆಸರು.

ಅಜ್ಜಿ ಇನ್ನೂ ಹೊರಗಿದ್ದಳು. ಸೈಕಲ್ಲಿನ ಬುಟ್ಟಿ ಬಿಚ್ಚುತ್ತಿದ್ದಳು. ಬೆಳಿಗ್ಗೆ ತಿಂಡಿಗೆ ಕೂತಾಗಲೇ ಹೇಳಿಬಿಟ್ಟಿದ್ದಳು: “ಈ ಸೈಕಲ್ ಇವತ್ತು ರಜಾಯಿ ಅಂಗಡಿಯವಳಿಗೆ ಕೊಟ್ಟುಬಿಡ್ತೀನಿ. ಪಾಪ, ರಜಾಯಿ ತಲುಪಿಸೋಕೆ ಮನೆಮನೆಗೆ ನಡ್ಕೊಂಡೇ ಹೋಗ್ತಾಳೆ. ನನ್ನ ಕಾಲು ಕೈ ಕೊಟ್ಟಾಯ್ತು.”

“ಕಾಲು ಹೇಗಮ್ಮ ಕೈ ಕೊಡುತ್ತೆ?” ಅಂತ ಅಪ್ಪ ನಕ್ಕಿದ್ದರು. ಅಜ್ಜಿ ನಗಲಿಲ್ಲ. ದಿನಾ ಸೈಕಲ್ ಹತ್ತಿ ಲೈಬ್ರರಿಗೆ ಹೋಗುವ ಅಜ್ಜಿ ಇವತ್ತು ಅದನ್ನು ಇಲ್ಲಿವರೆಗೆ ಬರೀ ತಳ್ಳಿಕೊಂಡೇ ಬಂದಿದ್ದಳು.

ಪಿಸುವಿಗೆ ಬೇಜಾರಾಗಿತ್ತು. ಆದರೆ ಅದಕ್ಕಿಂತ ದೊಡ್ಡ ಗಾಬರಿ ಕೌಂಟರಿನ ಮೇಲಿದ್ದ ಅಜ್ಜಿಯ ರಜಾಯಿಯದು.

“ಬಾಪ್ರೇ, ನನಗಿಂತ ಹಿರಿಯಳು ಈ ರಜಾಯಿ!” ಎನ್ನುತ್ತಾ ಅಂಗಡಿಯ ಆಂಟಿ ಅದನ್ನು ಎತ್ತಿ ತಕ್ಕಡಿಯ ಕೊಕ್ಕೆಗೆ ನೇತುಹಾಕಿದಳು.

“ತೂಕ ಯಾಕೆ?” ಪಿಸು ಕೇಳಿದಳು.

“ಏನಂದೆ? ಸ್ವಲ್ಪ ವಾಲ್ಯೂಮ್ ಜಾಸ್ತಿ ಮಾಡು.”

“ತೂಕ ಯಾಕೆ ಅಂದೆ.”

“ಒಳಗಿರೋದು ಬಾತುಕೋಳಿ ತುಪ್ಪಳ ಅಲ್ವಾ? ತೊಳೆಯೋಕೆ ಮುಂಚೆ ಒಂದ್ಸಲ, ಒಣಗಿದ ಮೇಲೆ ಒಂದ್ಸಲ ತೂಗ್ತೀವಿ. ನಾನು ಒಂದು ಎಳೆನೂ ಕದ್ದಿಲ್ಲ ಅಂತ ಗೊತ್ತಾಗಬೇಕಲ್ಲ!”

ಆಂಟಿ ಡ್ರಾಯರಿನಿಂದ ಹಳೆಯ ಕಾರ್ಡ್ ತೆಗೆದಳು. ಹುಬ್ಬು ಗಂಟಾಯಿತು.

“ಮೂರು ವರ್ಷದ ಹಿಂದೆ ಸಾವಿರದ ಒಂಬೈನೂರು ಗ್ರಾಂ. ಈಗ ಅರವತ್ತು ಕಮ್ಮಿ.”

ಪಿಸುವಿನ ಕಿವಿ ಬಿಸಿಯಾಯಿತು.

ಆಂಟಿ ರಜಾಯಿಯನ್ನು ಕಿಟಕಿಯ ಬೆಳಕಿಗೆ ಹರಡಿ ಹಿಡಿದಳು. ಹೊಲಿಗೆ ಹಾಕಿದ ಚೌಕಗಳೆಲ್ಲ ಉಬ್ಬಿಕೊಂಡು ಕಪ್ಪಗೆ ಕಂಡವು. ತುದಿಯ ಎರಡು ಚೌಕ ಮಾತ್ರ ತೆಳ್ಳಗೆ, ಆಚೆ ಬೀದಿಯಲ್ಲಿ ಹೋಗುವವರ ನೆರಳು ಕಾಣುವಷ್ಟು ತೆಳ್ಳಗೆ ಇದ್ದವು. ಆಂಟಿಯ ಬೆರಳು ಹೊಲಿಗೆಯ ಮೇಲೆ ಹರಿದು, ಗಟ್ಟಿಯಾದ ಒಂದು ಜಾಗದಲ್ಲಿ ನಿಂತಿತು.

“ಇದೇನು, ಗಮ್ಮಾ? ಸ್ಕೂಲಿಗೆ ತಗೊಂಡು ಹೋಗೋ ಗಮ್ಮು?”

ಪಿಸು ನೆಲ ನೋಡಿದಳು. ಅಜ್ಜಿಯ ಮಂಚದ ತುದಿಯಲ್ಲಿ ಕೂತು ಹೋಮ್‌ವರ್ಕ್ ಮಾಡುವಾಗ ಸಿಕ್ಕಿದ ಪುಟ್ಟ ತೂತು ಅದು. ಚಿಟಿಕೆ ತುಪ್ಪಳ ಎಳೆದು ಉಫ್ ಅಂದರೆ ಎಷ್ಟು ಹೊತ್ತು ಗಾಳಿಯಲ್ಲಿ ತೇಲುತ್ತಿತ್ತು! ಒಮ್ಮೆ ನಲವತ್ತೊಂದು ಎಣಿಸುವವರೆಗೂ ಕೆಳಗಿಳಿಯಲಿಲ್ಲ. ಆ ರೆಕಾರ್ಡ್ ಮುರಿಯಲು ದಿನವೂ ಒಂದು ಚಿಟಿಕೆ, ಇನ್ನೊಂದು ಚಿಟಿಕೆ. ತೇಲಿದ್ದೆಲ್ಲ ಕಿಟಕಿಯಾಚೆ ಹೋಯಿತು.

ಆಂಟಿ ಬಗ್ಗಿ ಅವಳ ಮುಖ ನೋಡಿದಳು. ಬೈಯಲಿಲ್ಲ.

“ಹೋಗ್ಲಿ ಬಿಡು. ಗಮ್ಮು ಬಿಸಿನೀರಲ್ಲಿ ಬಿಡುತ್ತೆ. ತೊಳೆದು, ಹಿಂಡದೆ ನೀರು ಒತ್ತಿ ತೆಗೆದು, ಡ್ರೈಯರ್‌ಗೆ ನಾಲ್ಕು ಟೆನಿಸ್ ಬಾಲ್ ಜೊತೆ ಹಾಕ್ತೀನಿ. ಬಾಲು ಕುಣಿದಾಡಿ ಗಂಟುಕಟ್ಟಿದ ತುಪ್ಪಳ ಎಲ್ಲ ಬಿಡಿಸುತ್ತೆ. ಆಮೇಲೆ ಈ ಎರಡು ಚೌಕಕ್ಕೆ ಹೊಸ ತುಪ್ಪಳ. ಶನಿವಾರಕ್ಕೆ ರೆಡಿ.”

“ಅಜ್ಜಿಗೆ...?”

“ನಾನ್ಯಾಕೆ ಹೇಳ್ಲಿ? ಆದ್ರೆ ಇನ್ಮೇಲೆ ರಜಾಯಿಗೆ ಸೂಜಿ, ಪುಸ್ತಕಕ್ಕೆ ಗಮ್ಮು. ಸರಿನಾ?”

ಪಿಸು ಜೋರಾಗಿ ತಲೆಯಾಡಿಸಿದಳು. ಎಷ್ಟೋ ದಿನದಿಂದ ಹಿಡಿದಿಟ್ಟ ಉಸಿರು ಒಂದೇ ಸಲ ಹೊರಬಂತು. ಮುಗಿಯಿತು! ಯಾರಿಗೂ ಗೊತ್ತಾಗುವುದಿಲ್ಲ.

ಅಷ್ಟರಲ್ಲಿ ಅಜ್ಜಿ ಬುಟ್ಟಿ ಹಿಡಿದು ಒಳಗೆ ಬಂದಳು. ಕೌಂಟರಿನ ಮೇಲೆ ಸೈಕಲ್ ಕೀ ಇಟ್ಟಳು.

“ತಗೋ ತಾಯಿ. ಬ್ರೇಕ್ ಸ್ವಲ್ಪ ಕಿರುಗುಟ್ಟುತ್ತೆ, ಎಣ್ಣೆ ಬಿಡು.”

“ಅಯ್ಯೋ, ನಿಜವಾಗ್ಲೂ ಕೊಡ್ತೀರಾ? ನೀವು ಓಡಿಸಲ್ವಾ?”

“ಇನ್ನೆಲ್ಲಿ ಓಡಿಸೋದು? ಇಡೀ ಚಳಿಗಾಲ ರಾತ್ರಿ ಪಾದ ಎರಡೂ ಮಂಜುಗಡ್ಡೆ. ಎರಡೆರಡು ಸಾಕ್ಸ್ ಹಾಕಿದ್ರೂ ಬಿಸಿಯಾಗಲ್ಲ. ಮೈಯೆಲ್ಲ ಬೆಚ್ಚಗಿರುತ್ತೆ, ಪಾದ ಮಾತ್ರ ಇಲ್ಲ. ಕಾಲಿಗೆ ರಕ್ತನೇ ಇಳೀತಿಲ್ಲ ಅಂತ ಅರ್ಥ. ರಸ್ತೆ ಮಧ್ಯೆ ಬಿದ್ದು ಎಲ್ಲರಿಗೂ ತೊಂದರೆ ಕೊಡೋದಕ್ಕಿಂತ ಈಗಲೇ ಬಿಟ್ಟುಬಿಡೋದು ವಾಸಿ.”

ಆಂಟಿ ರಜಾಯಿಯ ತುದಿ ನೋಡಿದಳು. ಆಮೇಲೆ ಪಿಸುವನ್ನು ನೋಡಿದಳು. ಕೊಟ್ಟ ಮಾತಿಗೆ ಬಾಯಿ ಬಿಗಿಹಿಡಿದು ನಿಂತಳು. ಕೀ ಮಾತ್ರ ಮುಟ್ಟಲಿಲ್ಲ.

ಪಿಸು ಅಜ್ಜಿಯ ಮಾತನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡಳು. ಮೈಯೆಲ್ಲ ಬೆಚ್ಚಗೆ, ಪಾದ ಮಾತ್ರ ಇಲ್ಲ. ಆ ಎರಡು ಚೌಕದ ಕೆಳಗೇ ಅಲ್ಲವೇ ಅಜ್ಜಿಯ ಪಾದ ಇರುವುದು?

ಸುಮ್ಮನಿದ್ದರೂ ಶನಿವಾರ ರಜಾಯಿ ಬರುತ್ತದೆ, ಪಾದ ಬೆಚ್ಚಗಾಗುತ್ತದೆ. ಆದರೆ ಅಷ್ಟರಲ್ಲಿ ಸೈಕಲ್ ಹೋಗಿರುತ್ತದೆ. ತನ್ನ ಕಾಲು ಕೆಟ್ಟಿತು ಅಂತ ಅಜ್ಜಿ ನಂಬಿಕೊಂಡೇ ಇರುತ್ತಾಳೆ.

“ನಡಿ ಪಿಸು, ಹೋಗೋಣ. ನಿಧಾನಕ್ಕೆ ನಡೀಬೇಕಪ್ಪ ಇನ್ಮೇಲೆ, ಮುದುಕಿ ಜೊತೆ.”

ಪಿಸು ನಡೆಯಲಿಲ್ಲ. ಕೌಂಟರಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡಳು.

“ಅಜ್ಜೀ!”

ಒಳಗೆ ಇಸ್ತ್ರಿ ಮಾಡುತ್ತಿದ್ದವರೂ ತಿರುಗಿ ನೋಡುವಷ್ಟು ಜೋರಾಗಿ ಬಂತು ಆ ದನಿ.

“ನಿನ್ನ ಕಾಲಿಗೆ ಏನೂ ಆಗಿಲ್ಲ. ಕಾಲಿನ ಕಡೆ ತುಪ್ಪಳನೆಲ್ಲ ಕಿತ್ತು ಹಾರಿಸಿದ್ದು ನಾನು!”