ಎಂಟು ಗೂಡುಗಳ ಗಂಡಿಲಿಗಳು

ಸೋಮವಾರ ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಔಷಧ ಸಂಶೋಧನಾ ಕೇಂದ್ರದ ಪ್ರೊಫೆಸರು ಠಾಣೆಗೆ ಬಂದು, ತಮ್ಮ ಏಳು ಇಲಿಗಳ ಕೊಲೆಯಾಗಿದೆ ಎಂದು ದೂರು ಕೊಟ್ಟರು. ಬಾಗಿಲ ಬಳಿ ನಿಂತಿದ್ದ, ಎತ್ತರಕ್ಕೆ ತಕ್ಕಂತೆ ‘ಆರಡಿ’ ಎಂದೇ ಹೆಸರಾದ ಕಾನ್‌ಸ್ಟೇಬಲ್ ನಗು ತಡೆಯಲಾಗದೆ ಕೆಮ್ಮಿದ. ಇನ್‌ಸ್ಪೆಕ್ಟರ್ ನಗಲಿಲ್ಲ. ಯಾರನ್ನೂ ಸುಲಭಕ್ಕೆ ನಂಬದ ಜಾತಿ ಅವರದು. ‘ನೀವು ಉಪ್ಪಿನ ಡಬ್ಬಿಯನ್ನೂ ವಿಚಾರಣೆ ಮಾಡ್ತೀರಿ’ ಎಂದು ಮನೆಯಲ್ಲಿ ಹೆಂಡತಿ ರೇಗಿಸುವುದಿತ್ತು.

“ಇಲಿ ಸತ್ರೆ ಪೊಲೀಸ್ ಯಾಕೆ ಸಾರ್?” ಎಂದು ಕೇಳಿದರು ಇನ್‌ಸ್ಪೆಕ್ಟರ್.

“ಮಕ್ಕಳ ಮೂರ್ಛೆರೋಗದ ಔಷಧಿ ಅದು. ಈ ಪರೀಕ್ಷೆ ಮುಗಿದ್ರೆ ಇಪ್ಪತ್ತನೇ ತಾರೀಖಿಂದ ಮಕ್ಕಳಿಗೇ ಕೊಡೋಕೆ ಒಪ್ಪಿಗೆ ಸಿಗ್ತಿತ್ತು. ನಲವತ್ತು ಇಲಿ, ಎಂಟು ಗೂಡು. ನಿನ್ನೆ ಯಾರೋ ಒಳಗೆ ಹೋಗಿ ಗೂಡಿಂದ ಗೂಡಿಗೆ ಬದಲಾಯಿಸಿದಾರೆ. ಕಚ್ಚಾಡಿ ಏಳು ಸತ್ತವು, ಉಳಿದೋವು ಗಾಯ.”

“ಯಾರ ಮೇಲಾದ್ರೂ ಅನುಮಾನ?”

“ಇಲಿ ನೋಡ್ಕೊಳ್ಳೋ ಅಜ್ಜ. ನಿನ್ನೆ ಮಧ್ಯಾಹ್ನ ಎರಡು ಹತ್ತಕ್ಕೆ ಬಾಗಿಲು ತೆರೆದಿರೋದು ಅವನ ಕಾರ್ಡಲ್ಲಿ. ಹೋದ ವಾರ ಬೈದಿದ್ದೆ, ಮುಖ ಗಂಟು ಹಾಕ್ಕೊಂಡಿದ್ದ.”

ಇಷ್ಟು ಸಲೀಸಾಗಿ ಆರೋಪಿಯನ್ನು ತಟ್ಟೆಯಲ್ಲಿಟ್ಟು ಕೊಡುವವರನ್ನು ಕಂಡರೆ ಇನ್‌ಸ್ಪೆಕ್ಟರಿಗೆ ಅವರ ಮೇಲೇ ಅನುಮಾನ ಬರುತ್ತಿತ್ತು. ಎಫ್‌ಐಆರ್ ದಾಖಲಿಸಿದರು. ಏನಾಯಿತೆಂದು ಕೇಂದ್ರದಲ್ಲಿ ಯಾರಿಗೆಲ್ಲ ಗೊತ್ತು ಎಂದು ಕೇಳಿದರು. ಅಜ್ಜ ಮತ್ತು ತಾನು, ಇಬ್ಬರೇ ಎಂದರು ಪ್ರೊಫೆಸರು. ಬೆಳಿಗ್ಗೆ ಏಳಕ್ಕೇ ಕೋಣೆಗೆ ಬೀಗ ಬಿದ್ದಿತ್ತು.

“ಹಾಗೇ ಇರ್ಲಿ. ಏನೋ ಕಿತಾಪತಿ ಆಗಿದೆ ಅಂತ ಮಾತ್ರ ಹೇಳಿ. ಸತ್ತ ವಿಷಯ ಯಾರ ಕಿವಿಗೂ ಬೀಳಬಾರ್ದು.”

ಹತ್ತೂವರೆಗೆ ಪಂಚನಾಮೆ ಶುರುವಾಯಿತು. ಕಿಟಕಿಯಿಲ್ಲದ ಕೋಣೆ, ಮರದ ಹೊಟ್ಟಿನ, ಮೂತ್ರದ ಘಾಟು. ಉಕ್ಕಿನ ಸ್ಟ್ಯಾಂಡಿನ ಮೇಲೆ ಎಂಟು ಪಾರದರ್ಶಕ ಗೂಡುಗಳು, ಪ್ರತಿಯೊಂದಕ್ಕೂ ಒಂದು ಚೀಟಿ. ಠಾಣೆಯವರೆಲ್ಲ ಅಕ್ಕ ಎನ್ನುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ಬರೆಯತೊಡಗಿದಳು. ಆರಡಿ ಬಾಗಿಲ ಹೊರಗೇ ನಿಂತಿದ್ದ.

“ಒಳಗೆ ಬಾರೋ. ಅವು ನಿನ್ನ ಬೂಟಿನಷ್ಟೂ ಇಲ್ಲ,” ಎಂದಳು ಅಕ್ಕ.

“ಇಲ್ಲೇ ಕಾವಲಿರ್ತೀನಿ ಅಕ್ಕ.”

ಅಜ್ಜ ಮೂಲೆಯ ಸ್ಟೂಲಿನ ಮೇಲೆ ಕುಸಿದು ಕೂತಿದ್ದ. ಹತ್ತೊಂಬತ್ತು ವರ್ಷ ಈ ಕೋಣೆಯಲ್ಲೇ ಕಳೆದವನು. ಕಣ್ಣು ಕೆಂಪಗೆ ಊದಿಕೊಂಡಿತ್ತು.

“ನಿನ್ನೆ ಮಧ್ಯಾಹ್ನ ಎರಡು ಹತ್ತಕ್ಕೆ ಎಲ್ಲಿದ್ದೆ?”

“ಗೇಟಿನ ಹತ್ರ ವಾಚ್‌ಮನ್ ಜೊತೆ ಊಟ ಮಾಡ್ತಿದ್ದೆ ಸಾರ್. ಕೋಟು ಬಾಗಿಲ ಹೊರಗಿನ ಮೊಳೆಗೆ ನೇತು ಹಾಕಿದ್ದೆ. ಕಾರ್ಡು ಅದರ ಜೇಬಲ್ಲೇ ಇರತ್ತೆ. ಎಲ್ಲರಿಗೂ ಗೊತ್ತು.”

“ನೀನೇ ಬದಲಾಯಿಸಿರಬಹುದಲ್ಲ? ಬೈದ ಸಿಟ್ಟಿಗೆ?”

ಅಜ್ಜ ತಲೆಯೆತ್ತಿದ. “ಇವೆಲ್ಲ ಗಂಡಿಲಿ ಸಾರ್. ಹುಟ್ಟಿದಾಗಿಂದ ಒಟ್ಟಿಗೆ ಬೆಳೆದ ಅಣ್ಣತಮ್ಮಂದಿರು ಒಂದೇ ಗೂಡಲ್ಲಿ ಬಾಳ್ತವೆ. ಬೇರೆ ಗೂಡಿನ ಗಂಡು ಬಂದ್ರೆ ಮುಗೀತು, ಕಡಿದು ಹಾಕ್ತವೆ. ಸಿಟ್ಟು ಅವರ ಮೇಲೆ ಇದ್ರೆ ಇವುಗಳನ್ನ ಕೊಲ್ಲಿಸ್ತೀನಾ?”

ಮಾತು ನಿಜವೆನಿಸಿತು. ಆದರೆ ಗೊತ್ತಿದ್ದೇ ಮಾಡಿರಬಾರದೇಕೆ? ಇನ್‌ಸ್ಪೆಕ್ಟರ್ ಅಜ್ಜನ ಹೆಸರನ್ನು ಪಟ್ಟಿಯಿಂದ ತೆಗೆಯಲಿಲ್ಲ.

ಕಸದ ಬುಟ್ಟಿಯಲ್ಲಿ ಅಕ್ಕನಿಗೆ ಒಂದು ಕಾಗದದ ಟೀ ಲೋಟ ಸಿಕ್ಕಿತು. ಅಂಚು ಕಚ್ಚಿ ಹರಿದಿತ್ತು, ತಳದಲ್ಲಿ ಇಲಿಯ ಹಿಕ್ಕೆ. “ಯಾರೋ ಲೋಟದಲ್ಲಿ ಬಾಚಿ ಎತ್ತಿದಾರೆ,” ಎಂದಳು.

“ನಾವೆಲ್ಲ ಬಾಲದ ಬುಡ ಹಿಡಿದು ಎತ್ತೋದಮ್ಮ,” ಎಂದ ಅಜ್ಜ. “ಲೋಟ ಯಾಕೆ ಬೇಕು?”

ಲೋಟವನ್ನು ಚೀಲಕ್ಕೆ ಹಾಕಿ ಮೊಹರು ಮಾಡಿದರು. ಇಲಿಗಳ ಕಿವಿಯಲ್ಲಿ ಚುಚ್ಚಿದ ಗುರುತುಗಳಿದ್ದವು. ಅಜ್ಜ ಅವನ್ನು ನೋಡಿ ಯಾವುದು ಯಾವ ಗೂಡಿನದೆಂದು ಹೇಳುತ್ತ ಹೋದ. ಪ್ರತಿ ಗೂಡಿನಿಂದ ಸರಿಯಾಗಿ ಎರಡು ಹೋಗಿ, ಇನ್ನೊಂದರಿಂದ ಎರಡು ಬಂದಿದ್ದವು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ.

ಇನ್‌ಸ್ಪೆಕ್ಟರ್ ಪ್ರೊಫೆಸರನ್ನು ಕರೆಸಿದರು. “ಈ ಗೂಡುಗಳಲ್ಲಿ ಏನು ವ್ಯತ್ಯಾಸ?”

“ನಾಲ್ಕಕ್ಕೆ ಔಷಧಿ, ನಾಲ್ಕಕ್ಕೆ ಬರೀ ನೀರು. ಯಾವುದಕ್ಕೆ ಯಾವುದು ಅಂತ ಅಜ್ಜಂಗೂ ಗೊತ್ತಿಲ್ಲ, ವಿದ್ಯಾರ್ಥಿಗಳಿಗೂ ಗೊತ್ತಿಲ್ಲ. ಗೊತ್ತಾದ್ರೆ ಪರೀಕ್ಷೆ ಕೆಡತ್ತೆ.”

“ಇಲ್ಲಿ ಬದಲಾಗಿರೋದೆಲ್ಲ ಔಷಧಿ ಗೂಡಿಗೂ ನೀರಿನ ಗೂಡಿಗೂ ನಡುವೆನಾ?”

ಪ್ರೊಫೆಸರು ಫೋನಿನಲ್ಲಿ ಏನೋ ತೆಗೆದು ನೋಡಿದರು. ಮುಖದ ಬಣ್ಣ ಇಳಿಯಿತು. “ಹೌದು. ನಾಲ್ಕೂ ಜೋಡಿ.”

“ಕಿವಿ ಗುರುತು ಯಾವಾಗ ನೋಡ್ತೀರಿ?”

“ಕೊನೇಲಿ. ಅಲ್ಲೀವರೆಗೂ ಗೂಡಿನ ಚೀಟಿಯ ನಂಬರು ನೋಡಿ, ಅದೇ ನಂಬರಿನ ಬಾಟಲಿಯಿಂದ ಕೊಡೋದು. ಕಚ್ಚಾಡದೆ ಇದ್ದಿದ್ರೆ ನಮಗೆ ಗೊತ್ತೇ ಆಗ್ತಿರಲಿಲ್ಲ. ಔಷಧಿ ಕೆಲಸ ಮಾಡ್ಲಿಲ್ಲ ಅಂತ ಫಲಿತಾಂಶ ಬರ್ತಿತ್ತು, ಎಲ್ಲ ನಿಲ್ತಿತ್ತು.”

“ಔಷಧಿ ಗೂಡು ಯಾವುದು ಅಂತ ಯಾರ್‍ಯಾರಿಗೆ ಗೊತ್ತು?”

“ನನಗೆ. ದಾಖಲೆ ವಿಭಾಗದ ಮೇಡಂಗೆ. ಅಷ್ಟೆ.”

ಅಲ್ಲಿಗೆ ಅಜ್ಜನ ಹೆಸರಿನ ಮೇಲೆ ಗೀಟು ಬಿತ್ತು. ಪ್ರೊಫೆಸರ ಹೆಸರು ಅದರ ಕೆಳಗೆ ಸೇರಿತು. ಭಾನುವಾರ ಎಲ್ಲಿದ್ದಿರಿ ಎಂದು ಕೇಳಿದಾಗ ಅವರು ಕೆಂಡವಾದರು. ದೂರದ ಊರಿನ ಸಮ್ಮೇಳನದಲ್ಲಿ ಮುನ್ನೂರು ಜನರೆದುರು ಭಾಷಣ ಮಾಡುತ್ತಿದ್ದರಂತೆ. ಆರಡಿ ಸಂಜೆಯವರೆಗೂ ಫೋನು ಮಾಡಿ ಅದನ್ನು ಖಚಿತಪಡಿಸಿದ. ಅಷ್ಟಾದರೂ ಇನ್‌ಸ್ಪೆಕ್ಟರಿಗೆ ಸಮಾಧಾನವಿಲ್ಲ. ಗುಟ್ಟು ಇಬ್ಬರಲ್ಲೇ ಉಳಿದದ್ದನ್ನು ಅವರು ತಮ್ಮ ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಒಮ್ಮೆಯೂ ಕಂಡಿರಲಿಲ್ಲ.

ಮಂಗಳವಾರ ಹನ್ನೊಂದು ಗಂಟೆಗೆ ಕೇಂದ್ರದ ಒಂಬತ್ತು ಜನರನ್ನು ಒಬ್ಬೊಬ್ಬರಾಗಿ ಕರೆದು, ಬೇರೆ ಪ್ರಶ್ನೆಗಳ ನಡುವೆ ಒಂದನ್ನು ತೂರಿಸಿದರು: ಬೇರೆ ಬೇರೆ ಗೂಡಿನ ಗಂಡಿಲಿಗಳನ್ನು ಒಟ್ಟಿಗೆ ಬಿಟ್ಟರೆ ಏನಾಗುತ್ತದೆ?

“ಕಚ್ಚಾಡ್ತವೆ,” ಎಂದರು ವಿದ್ಯಾರ್ಥಿಗಳು. “ಅಯ್ಯೋ, ಹಾಗಾದಾಗೆಲ್ಲ ರಕ್ತ ಒರೆಸೋಳು ನಾನೇ ಅಲ್ವಾ,” ಎಂದಳು ಕಸ ಗುಡಿಸುವವಳು. ವಾಚ್‌ಮನ್‌ಗೂ ಗೊತ್ತಿತ್ತು.

ಕೊನೆಗೆ ಬಂದವರು ದಾಖಲೆ ವಿಭಾಗದ ಮೇಡಂ. ನಲವತ್ತರ ಆಸುಪಾಸು, ಅಚ್ಚುಕಟ್ಟಾಗಿ ಬಾಚಿದ ತಲೆ. ಹನ್ನೊಂದು ವರ್ಷದಿಂದ ಈ ಕೇಂದ್ರದ ಪ್ರತಿ ಇಲಿಯ ವಿವರವನ್ನೂ ಕಂಪ್ಯೂಟರಿಗೆ ತುಂಬಿಸಿದವರು.

“ಇಲಿ ಕೋಣೆಗೆ ಹೋಗ್ತಿರ್ತೀರಾ?”

“ಇಲ್ಲ ಸಾರ್. ನಂದು ಮೂರನೇ ಮಹಡಿ. ಕಾಗದದ ಕೆಲಸ.”

“ಬೇರೆ ಗೂಡಿನ ಗಂಡಿಲಿಗಳನ್ನ ಒಟ್ಟಿಗೆ ಬಿಟ್ರೆ ಏನಾಗತ್ತೆ?”

ಆಕೆ ಸ್ವಲ್ಪ ಯೋಚಿಸಿದರು. “ಏನಾಗತ್ತೆ? ಇರ್ತವೆ. ಎಲ್ಲ ಒಂದೇ ಥರದ್ದಲ್ವಾ.”

ಅಕ್ಕನ ಪೆನ್ನು ನಿಂತಿತು. ಕಚ್ಚಾಡುತ್ತವೆಂದು ಗೊತ್ತಿದ್ದವರು ಯಾರೂ ಗುಟ್ಟಾಗಿ ಹೀಗೆ ಬದಲಾಯಿಸುತ್ತಿರಲಿಲ್ಲ; ಗೊತ್ತಿಲ್ಲದವರು ಆಕೆ ಒಬ್ಬರೇ. ಇನ್‌ಸ್ಪೆಕ್ಟರ್ ಸತ್ತ ಇಲಿಗಳ ಫೋಟೋಗಳನ್ನು ಮೇಜಿನ ಮೇಲೆ ಹರಡಿದರು. ಆಕೆ ಒಂದೊಂದನ್ನೇ ನೋಡಿದರು.

“ಸತ್ತವಾ? ನಾನು ಎಷ್ಟು ಹುಷಾರಾಗಿ...”

“ಲೋಟದಲ್ಲಿ ಎತ್ತಿದ್ರಾ?”

“ಕೈಯಲ್ಲಿ ಮುಟ್ಟೋಕೆ ಭಯ ಆಯ್ತು,” ಎಂದು ಆಕೆ ಮುಖ ಮುಚ್ಚಿಕೊಂಡು ಅತ್ತರು. ಇನ್‌ಸ್ಪೆಕ್ಟರಿಗೆ ಗೆದ್ದ ಖುಷಿ ಬರಲಿಲ್ಲ. ಅಕ್ಕ ನೀರು ತಂದಿಟ್ಟಳು.

“ಯಾರು ಹೇಳಿ ಮಾಡಿಸಿದ್ರು? ಬೇರೆ ಕಂಪನಿನಾ?”

“ಯಾರೂ ಇಲ್ಲ ಸಾರ್. ನನ್ನ ಮಗಳಿಗೂ ಫಿಟ್ಸ್ ಇದೆ. ಹತ್ತು ವರ್ಷ. ಈ ಔಷಧಿ ಕೊಡೋ ಮಕ್ಕಳ ಪಟ್ಟಿಗೆ ಅವಳ ಹೆಸರನ್ನ ನಾನೇ ಕೊಟ್ಟಿದ್ದೆ, ದೇವರು ಕಣ್ಣುಬಿಟ್ಟ ಅಂದ್ಕೊಂಡೆ. ಆಮೇಲೆ ಹೆಣ್ಣಿಲಿಗಳಿಗೆ ಹೇಗೆ ಒಗ್ಗಿತ್ತು ನೋಡೋಣ ಅಂತ ಹಳೇ ದಾಖಲೆ ತೆಗೆದೆ. ಒಂದೂ ಇಲ್ಲ. ನಾಲ್ಕು ಸಾವಿರ ಸಾಲು, ಎಲ್ಲ ನಾನೇ ತುಂಬಿಸಿದ್ದು, ಎಲ್ಲದರಲ್ಲೂ ಗಂಡು, ಗಂಡು, ಗಂಡು. ಇಷ್ಟು ವರ್ಷ ಬೆರಳಾಡಿಸಿದೀನಿ, ಒಂದು ದಿನವೂ ಹೊಳೀಲಿಲ್ಲ ನೋಡಿ.”

“ಪ್ರೊಫೆಸರಿಗೆ ಹೇಳಲಿಲ್ವಾ?”

“ಎರಡು ಸಲ ಬರೆದು ಕೊಟ್ಟೆ. ಹೆಣ್ಣಿಲಿಗೆ ನಾಲ್ಕೈದು ದಿನಕ್ಕೊಮ್ಮೆ ಮೈ ಬದಲಾಗತ್ತೆ, ಲೆಕ್ಕ ಕಲಸಿ ಹೋಗತ್ತೆ, ಗಂಡೇ ಸಲೀಸು ಅಂದ್ರು. ಟೈಪ್ ಮಾಡೋರು ಟೈಪ್ ಮಾಡಿ ಅಂದ್ರು.”

“ನಿಮ್ಮ ಮಗಳ ಹೆಸರು ತೆಗೆಸಬಹುದಿತ್ತಲ್ಲಮ್ಮ?”

“ತೆಗೆಸ್ದೆ ಸಾರ್. ಮಾರನೇ ದಿನ ಅದೇ ಸಾಲಿಗೆ ಇನ್ನೊಂದು ಮಗು ಹೆಸರು ಬಂತು. ಹೆಣ್ಣು, ಎಂಟು ವರ್ಷ. ಅದನ್ನೂ ನಾನೇ ಟೈಪ್ ಮಾಡಿದೆ.”

ಆರಡಿ ಗೋಡೆಯ ಕಡೆ ತಿರುಗಿ ನಿಂತಿದ್ದ. ಯಾರೂ ಅವನನ್ನು ರೇಗಿಸಲಿಲ್ಲ.

ಸಂಜೆ ಐದು ಮೂವತ್ತೈದಕ್ಕೆ ಅತಿಕ್ರಮ ಪ್ರವೇಶ ಮತ್ತು ಆಸ್ತಿ ಹಾನಿಯ ಆರೋಪದ ಮೇಲೆ ಆಕೆಯನ್ನು ಬಂಧಿಸಲಾಯಿತು. ತಪ್ಪು ತಪ್ಪೇ, ಏಳು ಜೀವ ಹೋಗಿತ್ತು, ಒಬ್ಬ ಮುದುಕನ ಕಾರ್ಡು ಕದ್ದು ಬಾಗಿಲು ತೆರೆದಾಗಿತ್ತು. ಇನ್‌ಸ್ಪೆಕ್ಟರ್ ಅದರಲ್ಲಿ ರಿಯಾಯಿತಿ ತೋರಲಿಲ್ಲ.

ಆರೂಕಾಲಿಗೆ ಪ್ರೊಫೆಸರು ಫಿರ್ಯಾದಿಯ ಮರುಹೇಳಿಕೆ ಕೊಡಲು ಬಂದರು. ಆ ಎರಡು ಪತ್ರಗಳೂ ಮಕ್ಕಳ ಪಟ್ಟಿಯೂ ಕಡತದಲ್ಲಿರುವುದು ಕಂಡು ಮುಖ ಹುಳ್ಳಗಾಯಿತು.

“ಇವೆಲ್ಲ ಯಾಕೆ? ಇದಕ್ಕೂ ಕೇಸಿಗೂ ಏನು ಸಂಬಂಧ?”

“ಆಕೆ ಯಾಕೆ ಮಾಡಿದ್ರು ಅಂತ ಕೋರ್ಟು ಕೇಳತ್ತೆ ಸಾರ್. ನಿಮ್ಮದೂ ಒಂದು ಉತ್ತರ ಇರ್ಲಿ. ಹೆಣ್ಣುಮಕ್ಕಳಿಗೆ ಈ ಔಷಧಿ ಹೇಗೆ ಒಗ್ಗತ್ತೆ?”

“ನೋಡಿ, ವಿಜ್ಞಾನ ಅಂದ್ರೆ ಹಾಗೆಲ್ಲ...”

“ಒಂದೇ ಮಾತಲ್ಲಿ ಹೇಳಿ. ಅಕ್ಕ ಬರ್ಕೋತಾರೆ.”

ಪ್ರೊಫೆಸರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

“ಗೊತ್ತಿಲ್ಲ,” ಎಂದರು.

ಅಕ್ಕ ಅದನ್ನು ಇದ್ದದ್ದು ಇದ್ದ ಹಾಗೆ ಬರೆದು, ಗಟ್ಟಿಯಾಗಿ ಓದಿ ಹೇಳಿ, ಕೆಳಗೆ ಅವರ ಸಹಿ ಹಾಕಿಸಿಕೊಂಡಳು.